ಅಪ್ಪನ ಯೆಜ್ಡಿಯ ಎಂಜಿನ್ ಕವರಿಗೆ ಕನ್ನಡಿ ಹೊಳಪು ತರುವುದು ಹೇಗೆ?

ಪ್ರಶ್ನೆ: ಅಪ್ಪ ಓಡಿಸುತ್ತಿದ್ದ 1984ರ ಯೆಜ್ಡಿ ರೋಡ್‌ಕಿಂಗ್ ಗಾಡಿಯನ್ನು ಮತ್ತೆ ರಸ್ತೆಗಿಳಿಸುತ್ತಿದ್ದೇನೆ. ಎಂಜಿನ್ನಿನ ಎರಡೂ ಕಡೆಯ ಅಲ್ಯೂಮಿನಿಯಂ ಕವರುಗಳನ್ನು 220 ನಂಬರ್ ಎಮರಿ ಪೇಪರಿನಲ್ಲಿ ಉಜ್ಜಿ, ಆಮೇಲೆ 1000 ನಂಬರ್ ವಾಟರ್ ಪೇಪರ್ ಹಾಕಿ, ಕೊನೆಗೆ ಮೆಟಲ್ ಪಾಲಿಶ್ ಹಚ್ಚಿದೆ. ನೆರಳಿನಲ್ಲಿ ಚೆನ್ನಾಗಿ ಕಾಣುತ್ತದೆ, ಬಿಸಿಲಿಗೆ ತಂದರೆ ಮೈತುಂಬ ಗೀರು. ಜುಲೈ ಎರಡನೇ ಭಾನುವಾರ, ಜಾವಾ, ಯೆಜ್ಡಿ ಬೈಕುಗಳ ಅಭಿಮಾನಿಗಳು ಆಚರಿಸುವ ಜಾವಾ ದಿನಕ್ಕೆ, ಕನ್ನಡಿಯ ಹಾಗೆ ಮಾಡಬೇಕೆಂಬ ಆಸೆ. ಇದಕ್ಕಿಂತ ಒಳ್ಳೆಯ ಪಾಲಿಶ್ ಯಾವುದು? (ಮೈಸೂರಿನ ಓದುಗರು)

ಉತ್ತರ: ಪಾಲಿಶ್ ಬದಲಾಯಿಸಬೇಡಿ, ದುಡ್ಡು ದಂಡ. ಬಿಸಿಲಲ್ಲಿ ನಿಮಗೆ ಕಾಣುತ್ತಿರುವುದು 220 ಪೇಪರಿನ ಗೀರು. ಆ ಪೇಪರಿನ ಒಂದೊಂದು ಹರಳೂ ಸುಮಾರು 68 ಮೈಕ್ರಾನ್ ದಪ್ಪ, 1000 ಪೇಪರಿನದು ಸುಮಾರು 18. ದಪ್ಪ ಹರಳು ತೋಡಿದ ಕಾಲುವೆಯ ತಳಕ್ಕೆ ಸಣ್ಣ ಹರಳು ಇಳಿಯಲೇ ಇಲ್ಲ, ದಡವನ್ನಷ್ಟೇ ನುಣುಪು ಮಾಡಿತು. ಅದರ ಮೇಲೆ ಎಷ್ಟು ದುಬಾರಿ ಪಾಲಿಶ್ ಹಚ್ಚಿದರೂ ಹೊಳೆಯುವ ಗೀರು ಸಿಗುತ್ತದೆ, ಅಷ್ಟೇ. ಕನ್ನಡಿ ಹೊಳಪಿನ ಮುಕ್ಕಾಲು ಪಾಲು ಪೇಪರಿನ ಕೆಲಸ.

ಮೊದಲು ಕವರನ್ನು ಎಂಜಿನ್ನಿನಿಂದ ಬಿಚ್ಚಿ. ಗಾಡಿಯಲ್ಲಿ ಇದ್ದಂತೆಯೇ ಉಜ್ಜುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಎಡಗಡೆ ಕವರಿನ ಹಿಂದೆ ಕ್ಲಚ್ಚು, ಪ್ರೈಮರಿ ಚೈನು. ಬಲಗಡೆ ಡೈನಮೊ, ಕಿಡಿಯ ಹೊತ್ತು ನಿರ್ಧರಿಸುವ ಪಾಯಿಂಟು. ಎಮರಿಯ ಹರಳು ಒಂದು ಚಿಟಿಕೆ ಆಯಿಲ್‌ಗೆ ಬಿದ್ದರೂ ಬೇರಿಂಗ್ ತಿನ್ನುತ್ತದೆ. ಗ್ಯಾಸ್ಕೆಟ್ ಕೂರುವ ಅಂಚಿಗೆ ಪೇಪರ್ ತಾಗಿಸಲೇಬೇಡಿ. ಆ ಅಂಚು ಒಂದು ಕೂದಲಿನಷ್ಟು ದುಂಡಗಾದರೂ ಆಯಿಲ್ ಜಿನುಗುವುದು ನಿಲ್ಲುವುದಿಲ್ಲ. ಎರಡು ಸುತ್ತು ಟೇಪ್ ಅಂಟಿಸಿಕೊಳ್ಳಿ.

ಜಿಡ್ಡು ತೆಗೆಯಲು ಸೀಮೆಎಣ್ಣೆ, ಆಮೇಲೆ ಪಾತ್ರೆ ತೊಳೆಯುವ ಸೋಪಿನ ನೀರು ಸಾಕು. ಹಳೆಯ ಲ್ಯಾಕರ್ (ಹೊಳಪು ಕಾಯುವ ಪಾರದರ್ಶಕ ಲೇಪ) ಉಳಿದಿದ್ದರೆ ಪೇಂಟ್ ರಿಮೂವರ್ ಹಚ್ಚಿ ಎಬ್ಬಿಸಿ. ಕಾಸ್ಟಿಕ್ ಸೋಡಾ ಮಾತ್ರ ಬೇಡ, ಅಲ್ಯೂಮಿನಿಯಂ ಅದರಲ್ಲಿ ನೊರೆಯೆದ್ದು ಕರಗುತ್ತದೆ, ಮೈ ಕಪ್ಪಾಗುತ್ತದೆ.

ಈಗ ಪೇಪರ್. ನಿಮ್ಮ ಕವರಿನಲ್ಲಿ ಈಗಾಗಲೇ 220ರ ಗೀರು ಇರುವುದರಿಂದ 320ರಿಂದ ಶುರು ಮಾಡಿ. ಆಮೇಲೆ 400, 600, 800, 1000, 1500, 2000. ಒಂದನ್ನೂ ಹಾರಿಸಬೇಡಿ. 400ರ ತನಕ ಒಣಗಿದ್ದರೂ ನಡೆಯುತ್ತದೆ, ಮುಂದೆ ನೀರಿಗೆ ಎರಡು ಹನಿ ಸೋಪು ಹಾಕಿಕೊಂಡು ಉಜ್ಜಿ; ಇಲ್ಲದಿದ್ದರೆ ಅಲ್ಯೂಮಿನಿಯಂ ಪೇಪರಿಗೆ ಮೆತ್ತಿಕೊಂಡು ಗಂಟಾಗಿ ಹೊಸ ಗೀರು ಹಾಕುತ್ತದೆ. ಮುಖ್ಯವಾದದ್ದು ದಿಕ್ಕು. 320ನ್ನು ಅಡ್ಡ ಉಜ್ಜಿದರೆ 400ನ್ನು ಉದ್ದಕ್ಕೆ ಉಜ್ಜಿ. ಅಡ್ಡಗೀರು ಒಂದೂ ಕಾಣದಂತಾದ ಮೇಲೇ 600 ಕೈಗೆತ್ತಿಕೊಳ್ಳಿ, ಅದನ್ನು ಮತ್ತೆ ಅಡ್ಡ. ಹೀಗೆ ಮಾಡಿದರೆ ಹಿಂದಿನ ಪೇಪರಿನ ಗೀರು ಉಳಿದಿದೆಯೋ ಇಲ್ಲವೋ ಕಣ್ಣೇ ಹೇಳುತ್ತದೆ. ಪ್ರತಿ ಸಲ ಪೇಪರ್ ಬದಲಿಸುವ ಮೊದಲು ಕವರನ್ನೂ ಕೈಯನ್ನೂ ತೊಳೆದು, ಬಕೆಟ್ಟಿನ ನೀರು ಚೆಲ್ಲಿ ಹೊಸದು ತುಂಬಿಕೊಳ್ಳಿ. ಹಿಂದಿನ ಪೇಪರಿನ ಒಂದೇ ಒಂದು ಹರಳು ಒಂದು ಗಂಟೆಯ ಕೆಲಸವನ್ನು ಹಾಳು ಮಾಡಬಲ್ಲದು.

ಬೆರಳ ತುದಿಯಿಂದ ಒತ್ತಿ ಉಜ್ಜಬೇಡಿ. ಬೆರಳಿನ ಅಗಲಕ್ಕೆ ತಗ್ಗು ಬೀಳುತ್ತದೆ. ಉಜ್ಜುವಾಗ ತಿಳಿಯದ ಈ ತಗ್ಗು ಹೊಳಪು ಬಂದ ಮೇಲೆ ಅಲೆಯಲೆಯಾಗಿ ಎದ್ದು ಕಾಣುತ್ತದೆ. ಸವೆದ ಹವಾಯಿ ಚಪ್ಪಲಿಯಿಂದ ಬೆಂಕಿಪೊಟ್ಟಣದಷ್ಟು ರಬ್ಬರ್ ಕತ್ತರಿಸಿ ಪೇಪರನ್ನು ಅದಕ್ಕೆ ಸುತ್ತಿಕೊಳ್ಳಿ. ಈ ಕವರಿನ ಉಬ್ಬಿಗೆ ಅದು ಹೇಳಿ ಮಾಡಿಸಿದಂತಿದೆ. 1000 ಮುಗಿದ ಮೇಲೆ ಕವರನ್ನು ಟ್ಯೂಬ್‌ಲೈಟಿನ ಕೆಳಗೆ ಓರೆ ಮಾಡಿ ಹಿಡಿಯಿರಿ. ದೀಪದ ಬಿಂಬದ ಅಂಚು ಗೀಟು ಎಳೆದಂತೆ ಸರಾಗವಾಗಿ ಹೋಗಬೇಕು. ನಡುವೆ ಎಲ್ಲಾದರೂ ನಡುಗಿದರೆ ಅಲ್ಲೊಂದು ತಗ್ಗಿದೆ, 400ಕ್ಕೆ ಹಿಂದಿರುಗಿ. ಬೇಸರದ ಕೆಲಸ, ಒಪ್ಪುತ್ತೇನೆ. ಆದರೆ ಬಫ್ ಮಾಡಿದ ಮೇಲೆ, ಅಂದರೆ ತಿರುಗುವ ಬಟ್ಟೆಯ ವೀಲಿಗೆ ಹಿಡಿದು ಹೊಳಪು ತಂದ ಮೇಲೆ, ಹಿಂದಿರುಗುವುದು ಇದಕ್ಕಿಂತ ಬೇಸರ.

ಸೂಜಿಮೊನೆಯಷ್ಟು ತೂತುಗಳು ಕಾಣಿಸಿಕೊಂಡರೆ ಅಲ್ಲಿಗೆ ನಿಲ್ಲಿಸಿ. ಎರಕ ಹೊಯ್ಯುವಾಗ ಸಿಕ್ಕಿಬಿದ್ದ ಗಾಳಿಗುಳ್ಳೆಗಳು ಅವು. ಮೇಲ್ಪದರ ಗಟ್ಟಿ, ಒಳಗೆ ಹೋದಷ್ಟೂ ಗುಳ್ಳೆ ಹೆಚ್ಚು. ಉಜ್ಜಿ ಉಜ್ಜಿ ಅವನ್ನು ಮುಗಿಸಲಾಗದು. ಕವರಿನ ಮೇಲೆ ಉಬ್ಬು ಅಕ್ಷರಗಳಿದ್ದರೆ ಅವುಗಳ ಸುತ್ತ ಕೈ ಹಗುರವಿರಲಿ. ಯೆಜ್ಡಿ ತಯಾರಿಸುತ್ತಿದ್ದ ಮೈಸೂರಿನ ಕಾರ್ಖಾನೆ 1996ರಲ್ಲೇ ಬಾಗಿಲು ಹಾಕಿತು, ಅಕ್ಷರ ಸವೆದರೆ ಅಂಥದೇ ಕವರು ಇನ್ನೊಂದು ಹುಡುಕುವುದು ಸುಲಭವಲ್ಲ.

2000 ಮುಗಿದಾಗ ಕವರು ಹೊಳೆಯುವುದಿಲ್ಲ, ಹಾಲಿನ ಕೆನೆಯ ಹಾಗೆ ಒಂದೇ ಸಮನಾದ ಮಬ್ಬು ಇರುತ್ತದೆ. ಅದೇ ಸರಿ. ಮೊದಲು ಬಿಗಿಯಾಗಿ ಹೊಲಿದ ಬಟ್ಟೆಯ ವೀಲಿನಲ್ಲಿ ಕಂದು ಬಫಿಂಗ್ ಸೋಪು (ವೀಲಿಗೆ ಸವರುವ, ಉಜ್ಜುವ ಪುಡಿ ಬೆರೆಸಿದ ಗಟ್ಟಿ ಮೇಣ), ಆಮೇಲೆ ಸಡಿಲ ಬಟ್ಟೆಯ ಇನ್ನೊಂದು ವೀಲಿನಲ್ಲಿ ಬಿಳಿ ಸೋಪು. ಎರಡು ಸೋಪಿಗೆ ಒಂದೇ ವೀಲ್ ಬಳಸಬೇಡಿ. ವೀಲಿನ ಕೆಳ ಅರ್ಧದಲ್ಲಿ ಮಾತ್ರ ಕೆಲಸ. ಕವರಿನ ಅಂಚು ತಿರುಗುವ ವೀಲಿಗೆ ಎದುರಾದರೆ ಅದು ಕೈಯಿಂದ ಕಿತ್ತು ಎಸೆಯುತ್ತದೆ. ಕೈಗವಸು, ಸಡಿಲ ತೋಳು, ಹೆಗಲ ಮೇಲಿನ ಟವೆಲ್ ಯಾವುದೂ ಬೇಡ. ಕನ್ನಡಕ, ಮಾಸ್ಕ್ ಬೇಕೇ ಬೇಕು. ಕೊನೆಗೆ ಉಳಿಯುವ ಕಪ್ಪು ಜಿಡ್ಡಿನ ಮೇಲೆ ಒಂದು ಹಿಡಿ ಮೈದಾ ಉದುರಿಸಿ ಹಳೆಯ ಬನಿಯನ್ ಬಟ್ಟೆಯಲ್ಲಿ ಮೆಲ್ಲಗೆ ಒರೆಸಿ. ಹಿಟ್ಟು ಜಿಡ್ಡನ್ನು ಹೀರಿಕೊಂಡು ಬೂದು ಬಣ್ಣಕ್ಕೆ ತಿರುಗುತ್ತದೆ, ಅದರಡಿಯಿಂದ ನಿಮ್ಮ ಮುಖ ಕಾಣಿಸುತ್ತದೆ. ಮತ್ತೆ ಜೋಡಿಸುವ ಮೊದಲು ಒಳಮೈ, ಸ್ಕ್ರೂ ತೂತುಗಳನ್ನೆಲ್ಲ ಸೋಪಿನ ನೀರಲ್ಲಿ ತೊಳೆದು ಗಾಳಿ ಹೊಡೆಸಿ.

ಪ್ರಶ್ನೆ: ಪಾಲಿಶ್ ಮಾಡಿಸಿದ ಕವರು ಎರಡೇ ತಿಂಗಳಿಗೆ ಮಂಕಾಯಿತು, ಬಿಳಿ ಚುಕ್ಕೆ ಬೇರೆ. ಲ್ಯಾಕರ್ ಹೊಡೆಸಲೇ? ಸಿಲಿಂಡರಿನ ರೆಕ್ಕೆಗಳನ್ನೂ ಹೊಳಪು ಮಾಡಿಸಬಹುದೇ? (ಮಂಗಳೂರಿನ ಓದುಗರು)

ಉತ್ತರ: ಬಿಳಿ ಚುಕ್ಕೆ ಕಡಲ ಗಾಳಿಯ ಉಪ್ಪಿನ ಕೆಲಸ. ಬಿಸಿಯಾಗುವ ಎಂಜಿನ್ನಿನ ಮೇಲೆ ಲ್ಯಾಕರ್ ಕಾಲಕ್ರಮೇಣ ಹಳದಿಯಾಗಿ ಏಳುತ್ತದೆ, ಎದ್ದ ಕಡೆ ನೀರು ಸೇರಿ ಇನ್ನೂ ಕೆಡುತ್ತದೆ. ನನ್ನ ಸಲಹೆ ಕಾರಿಗೆ ಹಚ್ಚುವ ಮೇಣ. ಮಳೆಯಲ್ಲಿ ಓಡಿಸಿ ಬಂದ ದಿನವೇ ಸಿಹಿನೀರಲ್ಲಿ ತೊಳೆದು ಒರೆಸಿ, ತಿಂಗಳಿಗೊಮ್ಮೆ ಮೇಣ ಹಚ್ಚಿ. ರೆಕ್ಕೆಗಳನ್ನು ಮುಟ್ಟಬೇಡಿ. ಕನ್ನಡಿಯಂಥ ಅಲ್ಯೂಮಿನಿಯಂ ಶಾಖವನ್ನು ಬಲು ಕಡಿಮೆ ಹೊರಸೂಸುತ್ತದೆ, ಒರಟು ಕಪ್ಪು ಮೈ ಹೆಚ್ಚು. ರೆಕ್ಕೆಗಳು ಬಹುಪಾಲು ತಣಿಯುವುದು ಗಾಳಿಯಿಂದಲೇ ಆದರೂ, ಬರೀ ಅಂದಕ್ಕಾಗಿ ಅಷ್ಟನ್ನೂ ಯಾಕೆ ಬಿಟ್ಟುಕೊಡಬೇಕು?

ಪ್ರಶ್ನೆ: ಆಳವಾದ ಗೀರನ್ನು ಬೆಂಚ್ ಗ್ರೈಂಡರಿನ ಕಲ್ಲಿಗೆ ಕೊಟ್ಟು ಬೇಗ ತೆಗೆಯಬಹುದಲ್ಲ? (ಹುಬ್ಬಳ್ಳಿಯ ಓದುಗರು)

ಉತ್ತರ: ಖಂಡಿತ ಬೇಡ. ಮೆತ್ತನೆಯ ಅಲ್ಯೂಮಿನಿಯಂ ಕಬ್ಬಿಣಕ್ಕೆಂದು ಮಾಡಿದ ಕಲ್ಲಿನ ಸಂದುಗಳಲ್ಲಿ ತುಂಬಿಕೊಳ್ಳುತ್ತದೆ, ಕಲ್ಲು ಕೊರೆಯದೆ ಬಿಸಿಯಾಗುತ್ತದೆ, ಓಡುತ್ತಿರುವಾಗಲೇ ಒಡೆದು ಸಿಡಿಯಬಹುದು. ಜೊತೆಗೆ ಅಲ್ಯೂಮಿನಿಯಂ ಪುಡಿಯೂ ತುಕ್ಕಿನ ಪುಡಿಯೂ ಗಾರ್ಡಿನೊಳಗೆ ಸೇರಿ ಕೂತಿದ್ದರೆ, ಮುಂದೆ ಕಬ್ಬಿಣ ಹಿಡಿದಾಗ ಹಾರುವ ಒಂದು ಕಿಡಿ ಬೆಂಕಿ ಹೊತ್ತಿಸಲು ಸಾಕು. ಗೀರು ಆಳವಿದ್ದರೆ ನುಣುಪು ಅರವನ್ನು ಸೀಮೆಸುಣ್ಣಕ್ಕೆ ಉಜ್ಜಿಕೊಂಡು ಕೈಯಲ್ಲೇ ತೆಗೆಯಿರಿ. ಸುಣ್ಣವಿದ್ದರೆ ಅರದ ಹಲ್ಲಿಗೆ ಲೋಹ ಕಚ್ಚುವುದಿಲ್ಲ. ಆಮೇಲೆ 220ರಿಂದ ಶುರು ಮಾಡಿ.