ಓದುಗರ ಪ್ರಶ್ನೆ: ರಿಮೋಟ್ ಕಾರಿನ ನೈಟ್ರೋ ಎಂಜಿನ್ ಎಷ್ಟು ಬಿಸಿ ಇರ್ಬೇಕು?

ಪ್ರಶ್ನೆ (ಚಿಂಚವಾಡ, ಪುಣೆ): ಸರ, ನಂದು .21 (ಘನ ಇಂಚಿನ) ಎಂಜಿನ್ ಇರೋ ನೈಟ್ರೋ ಬಗ್ಗಿ (ರಿಮೋಟ್ ರೇಸ್ ಕಾರು) ಐತ್ರಿ. ಎಲ್ಲಾರೂ 240 ಡಿಗ್ರಿ ಇರ್ಬೇಕು ಅಂತಾರ, ನನ್ನ ಟೆಂಪರೇಚರ್ ಗನ್ ನೋಡಿದ್ರ 118 ಅಷ್ಟ ತೋರಸ್ತೈತಿ. ಅದಕ್ಕ ಫ್ಯೂಯಲ್ ಹೆಚ್ಚು ಕಮ್ಮಿ ಮಾಡೋ ನೀಡಲ್ ಸ್ಕ್ರೂ ಟೈಟ್ ಮಾಡ್ಕೋತ ಹೋದೆ, 142 ಆಗಿ ಓಡೂಮುಂದ ಗಪ್ಪನ ನಿಂತ್ ಬಿಡ್ತು. ಈಗ ಸ್ಟಾರ್ಟ್ ಆದ್ರೂ ಐಡಲ್ ನಿಲ್ಲವಲ್ದು. ಏನ್ ಮಾಡ್ಲಿ?

ಉತ್ತರ: ಮೊದ್ಲು ನೀಡಲ್ ಮುಟ್ಟೋದ್ ನಿಲ್ಸಿ. ಅವ್ರು ಹೇಳೋ 240 ಫ್ಯಾರನ್‌ಹೀಟು, ನಿಮ್ಮ ಗನ್ ತೋರಿಸ್ತಿರೋದು ಸೆಲ್ಸಿಯಸ್ಸು. 118 ಸೆಲ್ಸಿಯಸ್ ಅಂದ್ರೆ 244 ಫ್ಯಾರನ್‌ಹೀಟ್, ಅಂದ್ರೆ ನಿಮ್ಮ ಎಂಜಿನ್ ಅವತ್ತು ಸರಿಯಾಗೇ ಇತ್ತು! ಸಾಮಾನ್ಯವಾಗಿ ಇವು 105ರಿಂದ 125 ಸೆಲ್ಸಿಯಸ್ ಒಳಗೆ ಆರಾಮಾಗಿ ಓಡ್ತವೆ, ಮ್ಯಾನ್ಯುಯಲ್‌ನಲ್ಲಿ ಬೇರೆ ಇದ್ರೆ ಅದೇ ಫೈನಲ್, 135 ದಾಟ್ತು ಅಂದ್ರೆ ಮಾತ್ರ ಕಾರ್ ನಿಲ್ಲಿಸ್ಲೇಬೇಕು. ಈ ಎಂಜಿನ್‌ಗೆ ಎಣ್ಣೆ ಬರೋದೇ ಫ್ಯೂಯಲ್ ಒಳಗಿಂದ, ಮೆಥನಾಲ್ ನೈಟ್ರೋಮೀಥೇನ್ ಜೊತೆಗೇ ಬೆರೆಸಿರ್ತಾರೆ, ಹಾಗಾಗಿ ಲೀನ್ ಮಾಡಿದಷ್ಟೂ (ಗಾಳಿಗೆ ಫ್ಯೂಯಲ್ ಕಮ್ಮಿ ಮಾಡಿದಷ್ಟೂ) ಬಿಸಿನೂ ಏರುತ್ತೆ ಪಿಸ್ಟನ್‌ಗೆ ಎಣ್ಣೆನೂ ಕಮ್ಮಿ ಆಗುತ್ತೆ, ಎರಡು ಕಡೆಯಿಂದ ಏಟು.

ಈಗ ಎಂಜಿನ್ ತಣ್ಣಗಾದ್ಮೇಲೆ ಫ್ಯೂಯಲ್ ಹೊತ್ತಿಸೋ ಗ್ಲೋ ಪ್ಲಗ್ ಬಿಚ್ಚಿ ಬೆಳಕಿಗೆ ಹಿಡಿದು ನೋಡಿ. ಒಳಗಿನ ಸುರುಳಿ ತಂತಿ ಒದ್ದೆಯಾಗಿ ಹೊಳೀತಿದ್ರೆ ಓಕೆ, ಬೂದು ಬಣ್ಣಕ್ಕೆ ತಿರುಗಿ ಸೊಟ್ಟಗಾಗಿದ್ರೆ ಲೀನ್ ಓಡಿದ ಗುರುತು, ಪ್ಲಗ್ ಬದಲಿಸಿ. ಪ್ಲಗ್ ಇಲ್ದೇನೇ ಫ್ಲೈವೀಲನ್ನ ಕೈಯಲ್ಲಿ ತಿರುಗ್ಸಿ, ಪಿಸ್ಟನ್ ಮೇಲಕ್ಕೆ ಬಂದಾಗ ಬಿಗಿಯಾಗಿ ಹಿಡೀಬೇಕು, ಸ್ವಲ್ಪನೂ ಹಿಡೀದೇ ಸಲೀಸಾಗಿ ತಿರುಗಿದ್ರೆ ಪಿಸ್ಟನ್, ಅದು ಓಡಾಡೋ ಸ್ಲೀವ್ (ಕೊಳವೆ) ಸವೆದಿರೋ ಸಾಧ್ಯತೆ ಜಾಸ್ತಿ. ಹಿಡಿತ ಇದ್ರೆ ನೀಡಲನ್ನ ಕಂಪನಿ ಸೆಟ್ಟಿಂಗ್‌ಗೆ ತಂದು ಹೊಸದಾಗಿ ಶುರು ಮಾಡಿ, ಎಡಕ್ಕೆ ತಿರುಗಿಸಿದ್ರೆ ರಿಚ್ (ಫ್ಯೂಯಲ್ ಜಾಸ್ತಿ) ಬಲಕ್ಕೆ ಲೀನ್, ಒಂದ್ಸಲಕ್ಕೆ ಎಂಟನೇ ಒಂದು ಸುತ್ತು ಸಾಕು, ಪ್ರತಿ ಸಲ ಎರಡ್ಮೂರು ಲ್ಯಾಪ್ ಓಡಿಸಿ ನೋಡಿ. ಫುಲ್ ಥ್ರಾಟಲ್‌ನಲ್ಲೂ ಸೈಲೆನ್ಸರ್ ಹಿಂದೆ ತೆಳು ನೀಲಿ ಹೊಗೆ ಗೆರೆ ಕಾಣ್ತಾನೇ ಇರ್ಬೇಕು. ಹೊಗೆ, ಸದ್ದು ನೋಡ್ಕೊಂಡೇ ಟ್ಯೂನ್ ಮಾಡಿ, ಗನ್ ಬರೀ ಸಾಕ್ಷಿಗೆ. ಕಾರ್ ನಿಲ್ಲಿಸಿದ ತಕ್ಷಣ ಮೇಲಿಂದ ನೇರವಾಗಿ ಪ್ಲಗ್ ಕಡೆಗೆ ಹಿಡೀರಿ, ಪಕ್ಕದ ಫಿನ್‌ಗೆ ಹಿಡಿದ್ರೆ ಕಮ್ಮಿ ತೋರಿಸುತ್ತೆ. ಗನ್ ಇಲ್ದಿದ್ದಾಗ ನಾನು ಹೆಡ್ ಮೇಲೆ ಒಂದು ಹನಿ ನೀರು ಬಿಡ್ತೀನಿ, ಮೂರ್ನಾಲ್ಕು ಸೆಕೆಂಡ್ ಕುದ್ದು ಆರಿದ್ರೆ ಪರ್ವಾಗಿಲ್ಲ, ಬಿದ್ದ ತಕ್ಷಣ ಚುಯ್ ಅಂತ ಹಾರಿದ್ರೆ ಆಫ್ ಮಾಡಿಬಿಡಿ.

ಪ್ರಶ್ನೆ (ಕೋಥ್ರೂಡ್, ಪುಣೆ): ಆಗಸ್ಟಲ್ಲಿ ಚೆನ್ನಾಗಿದ್ದ ಸೆಟ್ಟಿಂಗು, ಡಿಸೆಂಬರ್ ಬೆಳಗ್ಗೆ ಅದೇ ಕಾರ್ ಯಾಕೆ ಬಿಸಿ ಆಗುತ್ತೆ? ಚಳಿಗೆ ತಣ್ಣಗಿರ್ಬೇಕಲ್ವಾ?

ಉತ್ತರ: ಎಲ್ರೂ ಹಾಗೇ ಅನ್ಕೋತಾರೆ. ಆದ್ರೆ ತಣ್ಣಗಿನ ಒಣ ಗಾಳಿಯಲ್ಲಿ ಆಕ್ಸಿಜನ್ ಜಾಸ್ತಿ, ಫ್ಯೂಯಲ್ ಅಷ್ಟೇ, ಹಾಗಾಗಿ ಲೀನ್ ಆಗುತ್ತೆ. ನೀಡಲ್ ಸ್ವಲ್ಪ ಎಡಕ್ಕೆ ಬಿಡಿ. ಹಾಗಂತ ಪೂರ್ತಿ ರಿಚ್ ಮಾಡಿ 90ಕ್ಕಿಂತ ಕೆಳಗೆ ಓಡಿಸ್ಬೇಡಿ, ಸ್ಲೀವ್ ಬಿಸಿಗೆ ಹಿಗ್ಗಿದ್ರೇನೇ ಪಿಸ್ಟನ್‌ಗೆ ಜಾಗ ಆಗೋದು, ತಣ್ಣಗೇ ಓಡಿದ್ರೆ ಉಜ್ಜಿ ಸವೆಯುತ್ತೆ. ಸ್ಟಾರ್ಟ್ ಮಾಡೋ ಮುಂಚೆ ಹೇರ್ ಡ್ರೈಯರಲ್ಲಿ ಹೆಡ್ ಬಿಸಿ ಮಾಡ್ಕೊಳ್ಳಿ.

ಪ್ರಶ್ನೆ (ಮಾಪುಸಾ, ಗೋವಾ): ಜೂನಲ್ಲಿ ಓಪನ್ ಮಾಡಿದ ಫ್ಯೂಯಲ್ ಕ್ಯಾನ್ ಅಕ್ಟೋಬರಲ್ಲಿ ಹಾಕ್ಬೋದಾ?

ಉತ್ತರ: ಬೇಡ. ಮೆಥನಾಲ್ ಗಾಳಿಯ ತೇವ ಎಳ್ಕೊಳ್ಳುತ್ತೆ, ಗೋವಾ ಮಳೆಗಾಲದಲ್ಲಿ ಮುಚ್ಚಳ ಸಡಿಲ ಇದ್ರೆ ಕೇಳೋದೇ ಬೇಡ. ಅಂಥ ಫ್ಯೂಯಲಲ್ಲಿ ಟ್ಯೂನ್ ಕೈಗೇ ಸಿಗಲ್ಲ, ಹೊಸ ಕ್ಯಾನ್ ತಗೊಳ್ಳಿ.