ಅಕ್ಕನ ಮಾರ್ಫಿನ್ ಮಾತ್ರೆ: ತಿಪಟೂರಿನ ಮೇಷ್ಟ್ರ ಪತ್ರಕ್ಕೆ ಉತ್ತರ

ತಿಪಟೂರಿನ ನಿವೃತ್ತ ಮೇಷ್ಟ್ರೊಬ್ಬರು ಇನ್‌ಲ್ಯಾಂಡ್ ಲೆಟರಿನ ಮಡಿಕೆಯ ಅಂಚಿನವರೆಗೂ ಬರೆದಿದ್ದಾರೆ. ಅವರ ಅಕ್ಕನಿಗೆ ಕ್ಯಾನ್ಸರ್, ಈಗ ಮೂಳೆಗೂ ಹಬ್ಬಿದೆ. ಡಾಕ್ಟರು ಮಾರ್ಫಿನ್ ಬರೆದುಕೊಟ್ಟಿದ್ದಾರೆ, ಮನೆಯವರು ಬೇಡ ಅಂತಿದ್ದಾರೆ. 'ಅದು ಅಫೀಮು. ಚಟ ಹತ್ತುತ್ತದೆ, ಉಸಿರು ನಿಲ್ಲುತ್ತದೆ. ಅದಕ್ಕೆ ನಲಾಕ್ಸೋನ್ ಅನ್ನುವ ಪ್ರತಿಮದ್ದು ಇದೆಯಂತೆ. ಎರಡನ್ನೂ ಒಂದೇ ಮಾತ್ರೆಯಲ್ಲಿ ಬೆರೆಸಿ ಯಾಕೆ ಕೊಡಬಾರದು?' ಇದು ಪ್ರಶ್ನೆ. ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ, ಗಸಗಸೆ ಪಾಯಸದಿಂದಲೂ ಚಟ ಹತ್ತುತ್ತದಾ ಅಂತ ಬೇರೆ ಕೇಳಿದ್ದಾರೆ.

ಮೇಷ್ಟ್ರೇ, ಪಾಯಸವನ್ನು ಮೊದಲು ಮುಗಿಸಿಬಿಡೋಣ. ಗಿಡ ಅದೇ. ಆದರೆ ಅಫೀಮು ಬರುವುದು ಹಸಿ ಕಾಯಿಗೆ ಗೀರು ಹಾಕಿದಾಗ ಒಸರುವ ಹಾಲಿನಿಂದ. ಬೀಜದಲ್ಲಿ ಅದರ ಅಂಶ ತೀರಾ ಕಡಿಮೆ. ಹಬ್ಬದೂಟದ ನಂತರ ಬರುವ ನಿದ್ದೆಯಲ್ಲಿ ಒಬ್ಬಟ್ಟಿನ ಪಾಲೂ ಇರುತ್ತದೆ, ಅಲ್ವಾ? ದುಬೈಗೆ ಹೋಗುವ ಮಕ್ಕಳ ಸೂಟ್‌ಕೇಸಿನಲ್ಲಿ ಮಾತ್ರ ಗಸಗಸೆ ಕಟ್ಟಿ ಕಳಿಸಬೇಡಿ, ಅಲ್ಲಿ ಅದಕ್ಕೆ ನಿಷೇಧ ಇದೆ.

ಬೆರೆಸುವ ಪ್ರಶ್ನೆ ಜಾಣ ಪ್ರಶ್ನೆ. ಬಸ್ಸಿನ ಸೀಟು ನೆನಪು ಮಾಡಿಕೊಳ್ಳಿ. ನಮ್ಮ ಮಿದುಳು, ಬೆನ್ನುಹುರಿ, ಕರುಳಿನಲ್ಲೆಲ್ಲ ಓಪಿಯಾಯ್ಡ್ ರಿಸೆಪ್ಟರ್ ಅನ್ನುವ ಸೀಟುಗಳಿವೆ. ಓಪಿಯಾಯ್ಡ್ ಅಂದರೆ ಅಫೀಮಿನ ಜಾತಿಯ ಮದ್ದು. ಮಾರ್ಫಿನ್ ಬಂದು ಕೂತರೆ ನರಕೋಶದಿಂದ ಪೊಟ್ಯಾಸಿಯಂ ಹೊರಗೆ ಹರಿಯುತ್ತದೆ, ಕ್ಯಾಲ್ಸಿಯಂ ಒಳಗೆ ಬರುವ ಬಾಗಿಲು ಮುಚ್ಚುತ್ತದೆ, ಕೋಶ ತಣ್ಣಗಾಗುತ್ತದೆ. ನೋವಿನ ಸುದ್ದಿ ಮುಂದಿನ ನರಕ್ಕೆ ದಾಟುವುದು ಕಡಿಮೆಯಾಗುತ್ತದೆ. ನಲಾಕ್ಸೋನ್ ಅಂದರೆ ಕಿಟಕಿಯಿಂದ ಎಸೆದ ಟವೆಲ್. ಸೀಟು ಹಿಡಿಯುತ್ತದೆ, ಅದರಿಂದ ಬೇರೆ ಕೆಲಸವಿಲ್ಲ. ಮಾರ್ಫಿನ್ ಒಂದೇ ಕಡೆ ಅಂಟಿಕೊಂಡು ಕೂರುವ ಗಿರಾಕಿಯಲ್ಲ, ಏಳುತ್ತದೆ, ಮತ್ತೆ ಕೂರುತ್ತದೆ. ಅದು ಎದ್ದ ತಕ್ಷಣ ಟವೆಲ್ ಬೀಳುತ್ತದೆ. ನಿಂತುಹೋಗುತ್ತಿದ್ದ ಉಸಿರು ಎರಡು ಮೂರು ನಿಮಿಷದಲ್ಲಿ ವಾಪಸ್ ಬರುತ್ತದೆ. ಅದರ ಜೊತೆಗೆ, ಮೇಷ್ಟ್ರೇ, ನೋವೂ ವಾಪಸ್ ಬರುತ್ತದೆ, ಅದೂ ಒಂದೇ ಏಟಿಗೆ.

ಇನ್ನೊಂದು ತಮಾಷೆ ಇದೆ. ನಲಾಕ್ಸೋನ್ ಅನ್ನು ನುಂಗಿದರೆ ಅದು ರಕ್ತಕ್ಕೆ ಸೇರುವ ಮೊದಲೇ ಯಕೃತ್ತು ಹೆಚ್ಚುಕಡಿಮೆ ಎಲ್ಲವನ್ನೂ ಮುಗಿಸಿಬಿಡುತ್ತದೆ. ಹಾಗಾಗಿ ನುಂಗುವ ಮಾತ್ರೆಯಲ್ಲಿ ಬೆರೆಸಿದರೆ ಉಸಿರಿಗೆ ಕಾವಲು ಸಿಗುವುದಿಲ್ಲ. ಆದರೂ ನಿಮ್ಮ ಯೋಚನೆ ಬೇರೆ ಕಡೆ ನಿಜವಾಗಿದೆ. ಚಟ ಬಿಡಿಸಲು ಬುಪ್ರೆನಾರ್ಫಿನ್ ಅನ್ನುವ ಇನ್ನೊಂದು ಓಪಿಯಾಯ್ಡ್ ಜೊತೆ ನಲಾಕ್ಸೋನ್ ಸೇರಿಸಿದ ಮಾತ್ರೆ ಕೊಡುತ್ತಾರೆ. ನಾಲಿಗೆ ಕೆಳಗೆ ಇಟ್ಟುಕೊಂಡರೆ ನಲಾಕ್ಸೋನ್ ಸುಮ್ನೆ ಇರುತ್ತದೆ. ಯಾರಾದರೂ ಕರಗಿಸಿ ಸೂಜಿಯಲ್ಲಿ ಏರಿಸಿಕೊಂಡರೆ ಅದು ಎದ್ದು ಕಚ್ಚುತ್ತದೆ. ಬುಪ್ರೆನಾರ್ಫಿನ್ ಕೂಡ ವಿಚಿತ್ರ ಪ್ರಯಾಣಿಕ. ಕೂತರೆ ಸುಲಭಕ್ಕೆ ಏಳುವುದಿಲ್ಲ, ಕೆಲಸ ಮಾತ್ರ ಅರ್ಧಂಬರ್ಧ.

ಅರಿವಳಿಕೆ ಡಾಕ್ಟರಾಗಿರುವ ನನ್ನ ಗೆಳೆಯ ಹೇಳುವ ಮಾತೊಂದಿದೆ: 'ನಲಾಕ್ಸೋನ್ ಕೊಟ್ಟು ಕಾಫಿಗೆ ಹೋಗಬಾರದು.' ಅದರ ಪ್ರಭಾವ ಅರ್ಧ ಗಂಟೆಯಿಂದ ಒಂದೂವರೆ ಗಂಟೆ. ಮಾರ್ಫಿನ್ ಅದಕ್ಕಿಂತ ಜಾಸ್ತಿ ಹೊತ್ತು ಇರುತ್ತದೆ, ಅದೇ ಜಾತಿಯ ಮೆಥಡೋನ್ ಆದರೆ ಇನ್ನೂ ಜಾಸ್ತಿ. ಟವೆಲ್ ಜಾರಿದರೆ ಹಳೇ ಗಿರಾಕಿ ಮತ್ತೆ ಸೀಟಿಗೆ ಬರುತ್ತಾನೆ. ಎದ್ದು ಮಾತಾಡಿದ ರೋಗಿಯ ಉಸಿರು ಮತ್ತೆ ಇಳಿಯಬಹುದು.

ಈ ಸೀಟುಗಳು ಇವೆ ಅಂತ ಗೊತ್ತಾಗಿದ್ದೇ ಟವೆಲ್ಲಿನಿಂದ. 1973ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಕ್ಯಾಂಡೇಸ್ ಪರ್ಟ್ ಮತ್ತು ಸಾಲೊಮನ್ ಸ್ನೈಡರ್ ವಿಕಿರಣ ಸೂಸುವ ನಲಾಕ್ಸೋನ್ ಹಾಕಿ, ಅದು ಎಲ್ಲಿ ಕೂರುತ್ತದೆ ಅಂತ ನೋಡಿದರು. ಎರಡೇ ವರ್ಷದಲ್ಲಿ, 1975ರಲ್ಲಿ, ಸ್ಕಾಟ್ಲೆಂಡಿನ ಅಬರ್ಡೀನ್‌ನಲ್ಲಿ ಹ್ಯೂಸ್ ಮತ್ತು ಕಾಸ್ಟರ್ಲಿಟ್ಜ್ ಹಂದಿಯ ಮಿದುಳಿನಲ್ಲಿ ಎನ್‌ಕೆಫಾಲಿನ್ ಕಂಡುಹಿಡಿದರು. ಅಂದರೆ ಮೈಯೇ ತನ್ನೊಳಗೆ ತಯಾರಿಸಿಕೊಳ್ಳುವ ನೋವಿನ ಮದ್ದು. ಇದನ್ನು ಓದಿದ ದಿನ ನಾನು ಊಟ ಮರೆತಿದ್ದೆ.

ಈಗ ಭಯದ ವಿಷಯಕ್ಕೆ ಬರೋಣ. ಅಮೆರಿಕದಲ್ಲಿ ಆದದ್ದು ಸುಳ್ಳಲ್ಲ. 1996ರಲ್ಲಿ ಆಕ್ಸಿಕಾಂಟಿನ್ ಅನ್ನುವ ಓಪಿಯಾಯ್ಡ್ ಮಾತ್ರೆ ಬಂತು, ಚಟ ಕಡಿಮೆ ಅಂತ ಹೇಳಿ ಮಾರಿದರು, ಕಂಪನಿ ಆಮೇಲೆ ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡಿತು. ಈಗ ಅಲ್ಲಿ ಬೀದಿಯಲ್ಲಿ ಕದ್ದು ಮಾರುವ ಫೆಂಟನಿಲ್ ಅನ್ನುವ ಪ್ರಬಲ ಓಪಿಯಾಯ್ಡ್ ಜನರನ್ನು ಸಾಯಿಸುತ್ತಿದೆ. ಒಪ್ಪಿದೆ. ಆದರೆ ನಮ್ಮ ದೇಶದ ಕಾಯಿಲೆ ಅದರ ಉಲ್ಟಾ. ನಮ್ಮಲ್ಲಿ ಮಾರ್ಫಿನ್ ಸಿಗದೆ ಜನ ನರಳಿ ಸಾಯುತ್ತಾರೆ.

ನಮ್ಮ ಸೋದರತ್ತೆ ಹಾಗೇ ಹೋದರು. ಮಲಗಲು ಆಗದೆ ಮಂಚದ ಕಂಬ ಹಿಡಿದುಕೊಂಡು ರಾತ್ರಿಯೆಲ್ಲ ಕೂತಿರುತ್ತಿದ್ದರು. ಒಂದು ಆಸ್ಪತ್ರೆಯಲ್ಲಿ ಪ್ಯಾರಾಸಿಟಮಾಲ್ ಬರೆದುಕೊಟ್ಟು, 'ಇದಕ್ಕಿಂತ ಸ್ಟ್ರಾಂಗ್ ಕೊಟ್ಟರೆ ಅಭ್ಯಾಸ ಆಗಿಬಿಡುತ್ತೆ' ಅಂದರು. ಎಪ್ಪತ್ತೆರಡು ವರ್ಷದ ಹೆಂಗಸು, ಇನ್ನು ಎರಡು ತಿಂಗಳು ಇರುತ್ತಾರೋ ಇಲ್ಲವೋ ಅನ್ನುವ ಸ್ಥಿತಿ. ಅವರಿಗೆ ಅಭ್ಯಾಸ ಆದರೆ ಯಾರ ಗಂಟು ಹೋಗುತ್ತಿತ್ತು? ನಾನೂ ಅಲ್ಲೇ ನಿಂತಿದ್ದೆ, ತಲೆಯಾಡಿಸಿದ್ದೆ. ಅದಕ್ಕೇ ನಿಮ್ಮ ಪತ್ರ ನೋಡಿ ಇಷ್ಟುದ್ದ ಬರೆಯುತ್ತಿದ್ದೇನೆ.

ಇಲ್ಲಿ ನಿಮಗೆ ಸ್ವಲ್ಪ ಬೈಯಬೇಕು. 'ಚಟ' ಅನ್ನುವ ಒಂದೇ ಡಬ್ಬಿಗೆ ಮೂರು ಬೇರೆ ಬೇರೆ ಸಂಗತಿ ತುಂಬಿದ್ದೀರಿ. ಬರುಬರುತ್ತಾ ಡೋಸ್ ಏರಿಸಬೇಕಾಗುವುದು ಒಂದು. ಮೈ ಒಗ್ಗಿಕೊಂಡು, ದಿಢೀರನೆ ನಿಲ್ಲಿಸಿದರೆ ಒದ್ದಾಡುವುದು ಇನ್ನೊಂದು. ಸ್ಟೀರಾಯ್ಡ್ ಮಾತ್ರೆಯನ್ನೂ ದಿಢೀರನೆ ನಿಲ್ಲಿಸುವ ಹಾಗಿಲ್ಲ, ಅದನ್ನು ಯಾರೂ ಚಟ ಅನ್ನುವುದಿಲ್ಲ. ಹಾನಿ ಆಗುತ್ತಿದೆ ಅಂತ ಗೊತ್ತಿದ್ದೂ ಅದರ ಹಿಂದೆ ಓಡುವುದು ಮಾತ್ರ ಚಟ. ಇನ್ನು ಉಸಿರಿನ ಮಾತು. ಮಾರ್ಫಿನ್ ಜಾಸ್ತಿಯಾದರೆ ಉಸಿರಾಟ ನಿಧಾನವಾಗುವುದು ನಿಜ, ಕಿಡ್ನಿ ಸೋತವರಲ್ಲಿ ಹೆಚ್ಚು ಎಚ್ಚರ ಬೇಕು. ಅದಕ್ಕೇ ಡಾಕ್ಟರು ನೋವು ನೋಡಿಕೊಂಡು ಸ್ವಲ್ಪ ಸ್ವಲ್ಪವೇ ಏರಿಸುತ್ತಾರೆ.

ನನ್ನ ಹಳೇ ಸಿಟ್ಟು ಬೇರೆಯೇ ಇದೆ. ಕಾನೂನುಬದ್ಧವಾಗಿ ಅಫೀಮು ಬೆಳೆದು ಹೊರದೇಶಕ್ಕೆ ಮಾರುವ ದೇಶ ನಮ್ಮದು. ನೀಮಚ್, ಗಾಜಿಪುರದಲ್ಲಿ ಸರ್ಕಾರದ್ದೇ ಕಾರ್ಖಾನೆಗಳಿವೆ. ಆದರೆ 1985ರ ಎನ್‌ಡಿಪಿಎಸ್ ಕಾಯ್ದೆ, ಅಂದರೆ ಮಾದಕ ವಸ್ತು ನಿಯಂತ್ರಣದ ಕಾಯ್ದೆ, ಬಂದ ಹತ್ತು ಹನ್ನೆರಡು ವರ್ಷದಲ್ಲಿ ದೇಶದಲ್ಲಿ ಮಾರ್ಫಿನ್ ಬಳಕೆ ಶೇಕಡ 90ಕ್ಕಿಂತ ಹೆಚ್ಚು ಬಿದ್ದುಹೋಯಿತು. ನಾಲ್ಕೈದು ಲೈಸೆನ್ಸ್, ಒಂದು ಬರುವಷ್ಟರಲ್ಲಿ ಇನ್ನೊಂದರ ಅವಧಿ ಮುಗಿದಿರುತ್ತಿತ್ತು. ಜೈಲಿನ ಭಯಕ್ಕೆ ಔಷಧಿ ಅಂಗಡಿಯವರು ಇಡುವುದನ್ನೇ ಬಿಟ್ಟರು. 2014ರಲ್ಲಿ ತಿದ್ದುಪಡಿ ಬಂತು, ಅನುಮತಿ ಸರಳವಾಯಿತು, ಕಪಾಟು ಮಾತ್ರ ಬಹಳ ಕಡೆ ಖಾಲಿಯೇ. ಪಕ್ಕದ ಕೇರಳ ಕಾಯುತ್ತಾ ಕೂರಲಿಲ್ಲ. ಡಾ. ಎಂ. ಆರ್. ರಾಜಗೋಪಾಲ್ ಮತ್ತು ಗೆಳೆಯರು 1993ರಲ್ಲೇ ಕೋಳಿಕ್ಕೋಡಿನಲ್ಲಿ ಇಂಥ ರೋಗಿಗಳ ನೋವು ಇಳಿಸುವ ಆರೈಕೆ ಶುರು ಮಾಡಿದರು, 2008ರಲ್ಲಿ ರಾಜ್ಯ ಸರ್ಕಾರವೇ ಅದಕ್ಕೆ ನೀತಿ ಮಾಡಿತು. ನಮ್ಮಲ್ಲೂ ಇಂಥ ಆರೈಕೆ ಕೊಡುವ ಬೆಂಗಳೂರಿನ ಕರುಣಾಶ್ರಯದಂಥ ಜಾಗಗಳಿವೆ. ಆದರೆ ತಾಲ್ಲೂಕಿನ ಹಳ್ಳಿಯಿಂದ ಅಲ್ಲಿಗೆ ಹೋಗುವುದು ಎಷ್ಟು ಜನರ ಕೈಲಾಗುತ್ತದೆ?

ಕಾನೂನನ್ನೇ ಬೈದರೆ ಸಾಲದು. ನಮ್ಮ ಮನೆಗಳಲ್ಲಿ 'ತಡ್ಕೋ' ಅನ್ನುವುದೇ ಮೊದಲ ಮದ್ದು. ಅದರಲ್ಲೂ ಹೆಂಗಸರಿಗೆ. ಹೆರಿಗೆಯಲ್ಲಿ ತಡ್ಕೋ, ಮುಟ್ಟಿನಲ್ಲಿ ತಡ್ಕೋ, ಮೂಳೆಗೆ ಕ್ಯಾನ್ಸರ್ ಇಳಿದಾಗಲೂ ತಡ್ಕೋ. ನಿಮ್ಮ ಪತ್ರದಲ್ಲಿ ಭಾವ ಬೇಡ ಅಂದರು, ಅಳಿಯ ಬೇಡ ಅಂದರು ಅಂತೆಲ್ಲ ಇದೆ. ಅಕ್ಕ ಏನಂದರು ಅಂತ ಒಂದು ಸಾಲೂ ಇಲ್ಲ ಮೇಷ್ಟ್ರೇ.

ಅವರನ್ನೇ ಕೇಳಿ. ಅವರು ಹೂಂ ಅಂದರೆ, ಡಾಕ್ಟರ ಚೀಟಿಯಲ್ಲಿ ಮಾರ್ಫಿನ್ ಜೊತೆ ಮಲಬದ್ಧತೆಗೂ ಮದ್ದು ಬರೆದಿದ್ದಾರಾ ನೋಡಿ. ಕರುಳಲ್ಲೂ ಅದೇ ಸೀಟುಗಳಿವೆ ಅಂದೆನಲ್ಲ, ಭೇದಿಗೆ ನುಂಗುವ ಲೊಪೆರಮೈಡ್ ಕೂಡ ಮಾರ್ಫಿನ್ನಿನ ನೆಂಟನೇ. ಓಕರಿಕೆ, ತೂಕಡಿಕೆ ಸಾಮಾನ್ಯವಾಗಿ ಕೆಲವು ದಿನಕ್ಕೆ ಇಳಿಯುತ್ತದೆ. ಮಲಬದ್ಧತೆ ಹಾಗೆ ಬಿಡುವುದಿಲ್ಲ, ಮಾತ್ರೆ ಇರುವಷ್ಟು ದಿನವೂ ಇರುತ್ತದೆ. ಚೀಟಿಯಲ್ಲಿ ಅದು ಬಿಟ್ಟುಹೋಗಿದ್ದರೆ ಇವತ್ತೇ ಡಾಕ್ಟರಿಗೆ ಫೋನ್ ಮಾಡಿ.