ಗಿಟಾರಿನ ಅಬ್ಬರದಲ್ಲಿ ಕೀಬೋರ್ಡನ್ನು ಗುರುತಿಸುವುದು

ಡೀಪ್ ಪರ್ಪಲ್ ಎಂಬ ರಾಕ್ ತಂಡದ ಜಾನ್ ಲಾರ್ಡ್ ಅವರ ಕೀಬೋರ್ಡ್ ಗಿಟಾರಿನಂತೆಯೇ ಕೇಳಿಸುತ್ತದೆ, ಎಲ್ಲರೂ ಹೊಗಳುವ ಕೈಚಳಕ ಗುರುತೇ ಸಿಗುತ್ತಿಲ್ಲ ಎಂದು ನೀವು ಪತ್ರದಲ್ಲಿ ಕೇಳಿದ್ದೀರಿ. ಅದಕ್ಕೆ ಕಾರಣ ಬಹುಶಃ ನಿಮ್ಮ ಕಿವಿಯಲ್ಲ. ಅವರು ತಮ್ಮ ಹ್ಯಾಮಂಡ್ ಆರ್ಗನ್ನನ್ನು (ವಿದ್ಯುತ್ತಿನಿಂದ ನುಡಿಯುವ ಒಂದು ಕೀಬೋರ್ಡ್ ವಾದ್ಯ) ಗಿಟಾರ್ ವಾದಕರು ಬಳಸುವ ಮಾರ್ಷಲ್ ಆಂಪ್ಲಿಫೈಯರಿಗೆ ಜೋಡಿಸಿ, ಅದರ ನಾದವನ್ನು ಬೇಕೆಂದೇ ಒರಟಾಗಿಸಿದ್ದರು. ನಮ್ಮ ಮೆಟ್ರೊದಲ್ಲಿ ಓಡಾಡುವಾಗ ಕೇಳುವುದಾಗಿಯೂ ಬರೆದಿದ್ದೀರಿ. ಆ ಗದ್ದಲದ ಪಾಲೂ ಇರಬಹುದಾದ್ದರಿಂದ, ಮೊದಲು ಮನೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಕೇಳಿ.

ಡೀಪ್ ಪರ್ಪಲ್ ತಂಡದ 1972ರ ‘ಹೈವೇ ಸ್ಟಾರ್’ ಹಾಡನ್ನು ಆರಿಸಿಕೊಳ್ಳಿ. ಅದರಲ್ಲಿ ಆರ್ಗನ್ನಿನ ಸೋಲೊ ಮೊದಲು ಬರುತ್ತದೆ, ಗಿಟಾರಿನದು ಆಮೇಲೆ. ನಡುವೆ ಗಾಯನವಿರುವುದರಿಂದ ಗೊಂದಲವಾಗದು. ನಾದದ ಬಣ್ಣವನ್ನು ಮರೆತು, ಒಂದು ಸ್ವರದಿಂದ ಇನ್ನೊಂದಕ್ಕೆ ಹೋಗುವ ರೀತಿಯನ್ನು ಮಾತ್ರ ಗಮನಿಸಿ: ಗಿಟಾರಿನಲ್ಲಿ ವೀಣೆಯ ಗಮಕದಂತೆ ತಂತಿಯನ್ನು ಎಳೆದು ಸ್ವರವನ್ನು ಜಾರಿಸಬಹುದು, ಆದರೆ ಆರ್ಗನ್ನಿನಲ್ಲಿ ಹಾರ್ಮೋನಿಯಂನಂತೆ ಪ್ರತಿ ಸ್ವರವೂ ಬಿಡಿಬಿಡಿಯಾಗಿ ನಿಲ್ಲುತ್ತದೆ ಮತ್ತು ಬೆರಳು ಒತ್ತಿರುವಷ್ಟು ಹೊತ್ತೂ ಕುಗ್ಗದೆ ಉಳಿಯುತ್ತದೆ. ಇದೊಂದನ್ನು ಹಿಡಿಯಲು ನನಗೆ ಒಂದು ವಾರವೇ ಬೇಕಾಯಿತು.

ಅದು ಸಿಕ್ಕಿದ ಮೇಲೆಯೇ ಡ್ರೀಮ್ ಥಿಯೇಟರ್ ಎಂಬ ಮೆಟಲ್ ತಂಡದ ಕೀಬೋರ್ಡ್ ವಾದಕ ಜೋರ್ಡನ್ ರೂಡೆಸ್ ಅವರತ್ತ ಹೋಗಿ, ಏಕೆಂದರೆ ಸಿಂಥಸೈಜರಿನ (ಎಲೆಕ್ಟ್ರಾನಿಕ್ ಕೀಬೋರ್ಡಿನ) ಪಿಚ್ ಬೆಂಡ್ ಸೌಲಭ್ಯದಿಂದ ಅವರು ಸ್ವರವನ್ನು ಜಾರಿಸಿಯೂ ಬಿಡುತ್ತಾರೆ, ಮೇಲೆ ಹೇಳಿದ ಗುರುತು ಅಲ್ಲಿ ಸಾಲದು. ಗಿಟಾರೂ ಕೀಬೋರ್ಡೂ ಒಂದೇ ಸಾಲನ್ನು ಜೊತೆಯಾಗಿ ನುಡಿಸುವ ಭಾಗಗಳನ್ನು ಹುಡುಕಿ (ಬರಿಯ ವೇಗಕ್ಕಿಂತ ಅದೇ ಕಷ್ಟವೆಂಬುದು ನನ್ನ ಅಭಿಪ್ರಾಯ), ಅವುಗಳ ವಿಡಿಯೊದ ಗತಿಯನ್ನು 0.75ಕ್ಕೆ ಇಳಿಸಿ, ಅವರ ಎಡಗೈ ಕೀಗಳನ್ನು ಬಿಟ್ಟು ಪಕ್ಕದ ಪಿಚ್ ಬೆಂಡ್‌ನತ್ತ ಸರಿಯುವ ಕ್ಷಣವನ್ನು ನೋಡುತ್ತಾ ಕೇಳಿ.